ಚೀಟಿ ಅಕ್ಕ ಮತ್ತು ಇಪ್ಪತ್ತಮೂರು ಫೋನುಗಳು

ನನ್ನ ಅಕ್ಕನನ್ನು ಎಲ್ಲರೂ ಚೀಟಿ ಅಕ್ಕ ಅನ್ನುತ್ತಾರೆ. ದುಡ್ಡಿನ ಚೀಟಿಯಲ್ಲ, ಪ್ರಾರ್ಥನೆಯ ಚೀಟಿ. ನಮ್ಮದು ಸಣ್ಣ ಲೂಥರನ್ ಸಭೆ. ಭಾನುವಾರದ ಆರಾಧನೆಗೆ ಮೂವತ್ತು ಜನ ಸೇರಿದರೆ ಪಾದ್ರಿಗಳ ಮುಖ ಅರಳುತ್ತದೆ. ನಲವತ್ತು ಸೇರಿದರೆ ಯಾರದೋ ಮದುವೆಯೋ ಮಣ್ಣೋ ಇದೆ ಎಂದೇ ಅರ್ಥ. ಇಷ್ಟು ಸಣ್ಣ ಸಭೆಗೆ ಊರಿನ ಕಷ್ಟವನ್ನೆಲ್ಲ ಹೊತ್ತು ತರುವ ಗುತ್ತಿಗೆಯನ್ನು ಅಕ್ಕ ತಾನಾಗಿಯೇ ಹಿಡಿದಿದ್ದಳು. ಯಾರ ಮಂಡಿ ನೋವು, ಯಾರ ಮಗಳ ಹೆರಿಗೆ, ಯಾರ ಮಗ ಕೆಲಸ ಕಳೆದುಕೊಂಡ, ಎಲ್ಲವನ್ನೂ ವಾರವಿಡೀ ಮನೆಮನೆ ತಿರುಗಿ ಅಂಗೈಯಗಲದ ಚೀಟಿಗಳಲ್ಲಿ ಬರೆದು ತರುತ್ತಾಳೆ. ಭಾನುವಾರ ಪಾದ್ರಿಗಳು ಅವನ್ನು ಒಂದೊಂದಾಗಿ ಓದುತ್ತಾರೆ. ಒಂದೊಂದರ ಕೊನೆಗೂ ಸಭೆಯೆಲ್ಲ ಸೇರಿ ‘ಕರ್ತನೇ, ನಮ್ಮ ಮೊರೆಯನ್ನು ಲಾಲಿಸು’ ಅನ್ನುತ್ತದೆ.

ಆ ಸಾಲನ್ನು ಎಲ್ಲರಿಗಿಂತ ಅರ್ಧ ಮಾತು ಮುಂಚೆ, ಎಲ್ಲರಿಗಿಂತ ಜೋರಾಗಿ ಹೇಳುವವಳು ಅಕ್ಕ. ಮೂವತ್ತೊಂದು ವರ್ಷ ಅಂಗಿ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿದವಳು. ನೂರು ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಹಾಗೇ ಕೂತುಬಿಟ್ಟಿದೆ. ‘ದೇವರಿಗೆ ಕಿವುಡಿಲ್ಲ, ಸ್ವಲ್ಪ ಮೆಲ್ಲಗೆ ಹೇಳು’ ಎಂದು ನಾನು ರೇಗಿಸಿದರೆ ‘ನಿನ್ನ ಆರ್ಗನ್ ಮುಂದೆ ಮೆಲ್ಲಗೆ ಹೇಳಿದರೆ ಯಾರಿಗೆ ಕೇಳುತ್ತೆ’ ಅನ್ನುತ್ತಾಳೆ. ಆರ್ಗನ್ ನುಡಿಸುವವನು ನಾನು, ಇಪ್ಪತ್ತೆಂಟು ವರ್ಷದಿಂದ. ಮಿಕ್ಕ ದಿನಗಳಲ್ಲಿ ಗಡಿಯಾರ ರಿಪೇರಿ. ಹೆಂಡತಿ ತೀರಿಕೊಂಡ ವಾರವೇ ಅಕ್ಕ ಒಂದು ಪೆಟ್ಟಿಗೆ, ಒಂದು ಕೊಡೆ ಹಿಡಿದು ನನ್ನ ಮನೆಗೆ ಬಂದಳು. ‘ನಿನಗೆ ನೀರು ಕಾಯಿಸೋಕೂ ಬರಲ್ಲ’ ಎಂದು ಒಲೆಯನ್ನೂ ನನ್ನನ್ನೂ ವಶಕ್ಕೆ ತೆಗೆದುಕೊಂಡಳು.

ಅವಳ ಚೀಟಿಗಳಲ್ಲಿ ಒಂದು ದೋಷವಿತ್ತು. ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅವಳು ವಿವರವಾಗಿ ಬರೆಯುತ್ತಿದ್ದಳು. ‘ಒಬ್ಬ ಸಹೋದರನ ಆರೋಗ್ಯಕ್ಕಾಗಿ’ ಎಂದರೆ ಸಾಕಿರುವಲ್ಲಿ ‘ಸೇತುವೆ ಪಕ್ಕದ ಹಸಿರು ಬಾಗಿಲ ಮನೆಯ, ಎಡಗಣ್ಣಿನ ಪೊರೆ ತೆಗೆಸಿಕೊಂಡ ಸಹೋದರನಿಗಾಗಿ’ ಎಂದು ಬರೆಯುತ್ತಿದ್ದಳು. ದೇವರಿಗೆ ಬೀದಿ ಗುರುತು ಹೇಳದಿದ್ದರೆ ಕಾಗದ ತಪ್ಪು ಮನೆಗೆ ಹೋಗುತ್ತದೆ ಎನ್ನುವ ಹಾಗೆ. ನಾನು ನಗುತ್ತಿದ್ದೆ. ಪಾದ್ರಿಗಳೂ ನಗುತ್ತಿದ್ದರು.

ಹೊರಗೆ ಹೇಳಬಾರದ ಕಷ್ಟಗಳಿಗೂ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಬಿಳಿ ಚೀಟಿ ಸಭೆಯಲ್ಲಿ ಓದುವುದಕ್ಕೆ. ನೀಲಿ ಚೀಟಿ ಪಾದ್ರಿಗಳೊಬ್ಬರಿಗೇ. ಬಿಳಿಯವನ್ನು ಪ್ರಸಂಗ ಪೀಠದ ಮೇಲಿನ ಪ್ರಾರ್ಥನೆ ಪುಸ್ತಕದಲ್ಲಿ ಇಡುವಳು. ನೀಲಿಯವು ಒಳಕೋಣೆಯ ಬಾಗಿಲ ಹಿಂದೆ ತೂಗುಹಾಕಿರುವ ಪಾದ್ರಿಗಳ ಕೋಟಿನ ಜೇಬಿಗೆ ಹೋಗುತ್ತಿದ್ದವು. ಈ ಏರ್ಪಾಡು ಗೊತ್ತಿದ್ದದ್ದು ಮೂವರಿಗೆ ಮಾತ್ರ: ಅಕ್ಕನಿಗೆ, ಪಾದ್ರಿಗಳಿಗೆ, ನನಗೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಇನ್ನು ಫೋನುಗಳ ವಿಷಯ. ಹಾಸಿಗೆ ಹಿಡಿದವರು, ಮೆಟ್ಟಿಲಿಳಿಯಲಾಗದವರು ಮನೆಯಲ್ಲೇ ಕೂತು ಆರಾಧನೆ ಕೇಳಲಿ ಎಂದು ಸಭೆ ಒಂದು ಸಣ್ಣ ಪೆಟ್ಟಿಗೆ ಕೊಂಡಿತು. ಭಾನುವಾರ ಒಂದು ನಂಬರಿಗೆ ಫೋನ್ ಮಾಡಿದರೆ ಆಯಿತು, ಪೀಠದ ಮೈಕಿನಲ್ಲಿ ಬಂದದ್ದೆಲ್ಲ ಅವರ ಕಿವಿಗೆ. ಪೆಟ್ಟಿಗೆ ಇರುವುದು ನನ್ನ ಬಲಗೈ ಪಕ್ಕ, ಆರ್ಗನ್ ಮೇಲೆ. ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಸಂಖ್ಯೆ ಅದರಲ್ಲಿ ಹಸಿರಾಗಿ ಕಾಣುತ್ತದೆ. ಆರಂಭದಲ್ಲಿ ನಾಲ್ಕಿತ್ತು. ಅಕ್ಕ ಮನೆಮನೆಗೆ ಹೋಗಿ, ನಡುಗುವ ಬೆರಳುಗಳಿಗೆ ಗುಂಡಿ ಒತ್ತುವುದನ್ನು ಕಲಿಸಿ ಅದನ್ನು ಇಪ್ಪತ್ತಮೂರಕ್ಕೆ ಏರಿಸಿದಳು. ಕೊನೆಯವರು ಪಕ್ಕದ ಊರಿನ ಒಬ್ಬ ಅಜ್ಜಿ, ಅವರ ಸಭೆಯೇ ಮುಚ್ಚಿಹೋಗಿತ್ತು. ಎರಡು ಬಸ್ಸು ಬದಲಿಸಿ ಹೋಗಿ ಬಂದು ಅಕ್ಕ ‘ಇಪ್ಪತ್ತಮೂರು!’ ಎಂದು ಬಾಗಿಲಲ್ಲೇ ಕೂಗಿದ್ದು ನನಗೆ ನೆನಪಿದೆ. ಆ ಇಪ್ಪತ್ತಮೂರು ಮನೆಗಳಲ್ಲೂ ಅವಳ ದನಿಯನ್ನು ಗುರುತು ಹಿಡಿಯುತ್ತಾರೆ. ‘ಈ ಭಾನುವಾರವೂ ನೀನೇ ಮುಂದೆ ಓಡಿದೆಯಲ್ಲ’ ಎಂದು ತಮಾಷೆ ಮಾಡುತ್ತಾರೆ.

ಬುಧವಾರ ಮಧ್ಯಾಹ್ನ ಸಭೆಯ ಹಜಾರದಲ್ಲಿ ಊಟವಿರುತ್ತದೆ. ಬಿಸಿ ಸೂಪು, ಬ್ರೆಡ್ಡು, ಸಿಕ್ಕರೆ ಹಣ್ಣು. ಯಾರು ಬೇಕಾದರೂ ಬರಬಹುದು. ‘ಹೆಸರು ಕೇಳುವುದಿಲ್ಲ, ಹಸಿವು ಕೇಳುತ್ತೇವೆ’ ಎಂದು ಬಾಗಿಲ ಮೇಲೆ ಬರೆದದ್ದೂ ಅಕ್ಕನೇ. ಇಸ್ತ್ರಿಯವಳು ಬಂದದ್ದು ಅಲ್ಲಿಗೆ.

ನಮ್ಮ ಸಭೆಯ ಎದುರು ಸಾಲಿನ ಲಾಂಡ್ರಿಯಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದಳು; ಅದರ ಮೇಲಿನ ಕೋಣೆಯಲ್ಲೇ ವಾಸ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ಸಣ್ಣವಳಿಗೆ ನಾಲ್ಕು. ಸಣ್ಣವಳ ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿತ್ತು. ವೇದಿಯ ಬಟ್ಟೆಗೆ ಮೇಣ ಸುರಿದಾಗ ಅಕ್ಕ ಅದನ್ನು ಲಾಂಡ್ರಿಗೆ ಒಯ್ದಳು. ಇವಳು ಕಂದು ಕಾಗದ ಹಾಸಿ, ಮೇಲೆ ಬಿಸಿ ಇಸ್ತ್ರಿ ಇಟ್ಟು, ಮೇಣವನ್ನೆಲ್ಲ ಕಾಗದಕ್ಕೆ ಹೀರಿಸಿ ಕೊಟ್ಟಳಂತೆ. ‘ಕೈಯಲ್ಲಿ ಗುಣ ಇದೆ ಆ ಹುಡುಗಿಗೆ’ ಎಂದು ಅಕ್ಕ ಒಂದು ವಾರ ಹೊಗಳಿದಳು. ಮುಂದಿನ ಬುಧವಾರ ಮೂವರನ್ನೂ ಊಟಕ್ಕೆ ಕರೆತಂದಳು. ಇಸ್ತ್ರಿಯವಳು ಯಾವಾಗಲೂ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದಳು. ದೊಡ್ಡ ಹುಡುಗಿ ಮಾತ್ರ ತಟ್ಟೆ ಬಿಟ್ಟು ಒಳಗೆ ನನ್ನ ಹತ್ತಿರ ಬಂದು, ‘ತಾತ, ಆ ಕುಣಿಯೋ ಹಾಡು’ ಅನ್ನುತ್ತಿದ್ದಳು. ಅದು ಕುಣಿಯುವ ಹಾಡಲ್ಲ, ಆರಾಧನೆ ಮುಗಿದಾಗ ನುಡಿಸುವ ಒಂದು ಹಳೆಯ ರಾಗ. ಆದರೆ ಅವಳಿಗೆ ಹಾಗೆ ಕೇಳಿಸಿದ ಮೇಲೆ ನನಗೂ ಹಾಗೇ ಕೇಳಿಸತೊಡಗಿತು.

ಮೂರು ತಿಂಗಳಾದ ಮೇಲೆ ಇಸ್ತ್ರಿಯವಳು ಬಾಯಿಬಿಟ್ಟಳು. ನಮ್ಮ ಅಡುಗೆಮನೆಯಲ್ಲಿ, ಅಕ್ಕನ ಮುಂದೆ. ನಾನು ಪಕ್ಕದ ಕೋಣೆಯಲ್ಲಿ ಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದೆ, ಎಲ್ಲ ಕೇಳಿಸಿತು.

‘ಕೋಪದಲ್ಲಿ ಹೊಡೆಯೋರಾದ್ರೆ ತಡ್ಕೋಬಹುದಿತ್ತು ಅಕ್ಕ. ನನ್ನ ಗಂಡನಿಗೆ ಕೋಪಾನೇ ಬರಲ್ಲ. ಮೊದಲು ಕಿಟಕಿ ಹಾಕ್ತಾನೆ. ಆಮೇಲೆ ಚಿಲಕ. ಆಮೇಲೆ ಅಂಗಿ ತೋಳು ಮಡಚ್ಕೋತಾನೆ. ಸಣ್ಣೋಳು ಮೆಟ್ಟಿಲಿಂದ ಬಿದ್ದಳು ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ನಾನೇ.’

ಅಕ್ಕ ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಇಸ್ತ್ರಿಯವಳೇ ಅಂದಳು, ‘ನಾವು ಎಲ್ಲಿದೀವಿ ಅಂತ ಅವನಿಗೆ ಗೊತ್ತಾಗಬಾರದು. ಅಷ್ಟೇ ನನಗೆ ಬೇಕಾಗಿರೋದು. ಪಾದ್ರಿಗಳಿಗೆ ಹೇಳಿ, ಅದಕ್ಕೋಸ್ಕರ ಪ್ರಾರ್ಥನೆ ಮಾಡಲಿ.’

ಅಕ್ಕ ನೀಲಿ ಚೀಟಿ ಬರೆದಳು. ತನ್ನ ಚಾಳಿಯಂತೆ ವಿವರವಾಗಿಯೇ.

ಆ ಶನಿವಾರ ಪಾದ್ರಿಗಳಿಗೆ ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದರು, ಆಪರೇಷನ್ ಆಯಿತು. ಆರಾಧನೆ ನಡೆಸುವ ಹೊಣೆ ಸಭೆಯ ಹಿರಿಯರಾದ ಮೇಷ್ಟ್ರ ಮೇಲೆ ಬಿತ್ತು. ನಿವೃತ್ತ ಕನ್ನಡ ಮೇಷ್ಟ್ರು, ಅಲ್ಪಪ್ರಾಣ ಮಹಾಪ್ರಾಣ ಒಂದೂ ಜಾರದ ಬಾಯಿ, ಕೊನೆಯ ಬೆಂಚಿಗೂ ಮುಟ್ಟುವ ದನಿ. ಭಾನುವಾರ ಬೆಳಗ್ಗೆ ಅಕ್ಕ ಒಳಕೋಣೆಗೆ ಹೋಗಿ ನೋಡಿದರೆ ಬಾಗಿಲ ಹಿಂದೆ ಕೋಟಿಲ್ಲ. ಅದೂ ಪಾದ್ರಿಗಳ ಜತೆ ಆಸ್ಪತ್ರೆಯಲ್ಲಿತ್ತು. ಚೀಟಿಯನ್ನು ಮನೆಗೆ ವಾಪಸ್ಸು ತಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಕೈಚೀಲದಲ್ಲಿ ಎಣ್ಣೆ ಬಾಟಲಿಯಿಂದ ಹಿಡಿದು ಯಾರದೋ ಕನ್ನಡಕದವರೆಗೆ ಎಲ್ಲ ಇರುತ್ತದೆ, ಅಲ್ಲಿ ಬಿದ್ದದ್ದು ಬೀದಿಯಲ್ಲಿ ಬಿದ್ದ ಹಾಗೇ. ಕಳೆದುಹೋದೀತು ಎಂಬ ಭಯಕ್ಕೆ ಪ್ರಾರ್ಥನೆ ಪುಸ್ತಕದ ಕಟ್ಟಕಡೆಯ ಹಾಳೆಗಳ ನಡುವೆ ಸಿಕ್ಕಿಸಿದಳು. ಬಿಳಿಯವು ಮುಂದೆ, ನೀಲಿಯದು ಹಿಂದೆ. ಪಾದ್ರಿಗಳು ಬಂದಾಗ ಸಿಗುತ್ತದೆ ಅಂದುಕೊಂಡಳು. ಮೇಷ್ಟ್ರು ಮೂವತ್ತೈದು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದವರು, ಕೊನೆಯ ಹಾಳೆ ತಿರುವದೆ ಪುಸ್ತಕ ಮುಚ್ಚುವವರಲ್ಲ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

ಪ್ರಾರ್ಥನೆಯ ಹೊತ್ತಿನಲ್ಲಿ ಸಭೆಯಲ್ಲಿ ಕಣ್ಣು ತೆರೆದಿರುವವರು ಇಬ್ಬರೇ: ಓದುವವರು ಮತ್ತು ಆಮೆನ್ ಬಾರಿಸಬೇಕಾದ ನಾನು. ಬಿಳಿ ಚೀಟಿಗಳೆಲ್ಲ ಮುಗಿದವು. ಮೇಷ್ಟ್ರು ಹಾಳೆ ತಿರುವಿದರು. ನೀಲಿ ಬಣ್ಣ ಕಂಡಿತು.

‘ಎದುರಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ನಮ್ಮ ತಂಗಿಗಾಗಿ,’ ಎಂದು ಶುರುಮಾಡಿದರು. ‘ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಇಬ್ಬರು ಹೆಣ್ಣುಮಕ್ಕಳೊಂದಿಗೆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಇರುವವಳಿಗಾಗಿ. ಎಡಗಾಲಿಗೆ ಪಟ್ಟಿ ಕಟ್ಟಿರುವ ಸಣ್ಣವಳಿಗಾಗಿ.’

ಪೆಟ್ಟಿಗೆ ನನ್ನ ಮೊಣಕೈ ಪಕ್ಕದಲ್ಲಿತ್ತು. ಅದಕ್ಕೊಂದು ಗುಂಡಿ. ಒತ್ತಿದ್ದರೆ ಇಪ್ಪತ್ತಮೂರು ಫೋನೂ ಸುಮ್ಮನಾಗುತ್ತಿದ್ದವು. ಅಥವಾ ಹತ್ತು ಬೆರಳನ್ನೂ ಆರ್ಗನ್ ಮೇಲೆ ಹೇರಿದ್ದರೆ ಮೇಷ್ಟ್ರ ದನಿಯೇ ಮುಳುಗುತ್ತಿತ್ತು. ನಾನು ಎರಡೂ ಮಾಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಪ್ರಾರ್ಥನೆಯ ನಡುವೆ ನಾನು ಕೆಮ್ಮಿದವನೂ ಅಲ್ಲ. ಅಕ್ಕನತ್ತ ನೋಡಿದೆ. ಮುಂದಿನ ಬೆಂಚಿನಲ್ಲಿ ಕಣ್ಣು ತೆರೆದು, ಬಾಯಿ ತೆರೆದು ನಿಂತಿದ್ದಳು. ಅಷ್ಟು ದೊಡ್ಡ ಗಂಟಲಿನವಳು, ಒಂದು ಶಬ್ದ ಹೊರಡಿಸಲಿಲ್ಲ. ಪ್ರಾರ್ಥನೆಯನ್ನು ತಡೆಯಬಹುದು ಎನ್ನುವುದೇ ನಮಗೆ ಯಾರೂ ಕಲಿಸಿರಲಿಲ್ಲ.

ಕೊನೆಯ ಸಾಲಿಗೆ ಬಂದಾಗ ಮೇಷ್ಟ್ರಿಗೂ ಏನೋ ತಟ್ಟಿರಬೇಕು, ದನಿ ಇಳಿಯಿತು. ಆದರೆ ವಾಕ್ಯವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವರಿಗಿಲ್ಲ. ‘ಅವಳು ಇಲ್ಲಿರುವುದು ಯಾರಿಗೂ ತಿಳಿಯದಿರಲಿ’ ಎಂದು ಸ್ಪಷ್ಟವಾಗಿ ಓದಿ ಮುಗಿಸಿದರು.

‘ಕರ್ತನೇ, ನಮ್ಮ ಮೊರೆಯನ್ನು ಲಾಲಿಸು’ ಎಂದಿತು ಸಭೆ. ಅಕ್ಕನೂ ಅಂದಳು. ಬಾಯಿ ತಾನಾಗಿ ಅಂದಿತು, ಅರ್ಧ ಮಾತು ಮುಂಚೆ. ನಾನು ಆಮೆನ್ ಬಾರಿಸಿದೆ. ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ಇತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರಾಧನೆ ಮುಗಿದೊಡನೆ ಅಕ್ಕ ರಸ್ತೆ ದಾಟಿ ಓಡಿದಳು, ಹಿಂದೆ ನಾನು. ಲಾಂಡ್ರಿಯ ಮೇಲಿನ ಕೋಣೆ ಎಂದರೆ ಒಂದು ಮಂಚ, ಒಂದು ಸ್ಟೋವು, ಕೆಳಗಿನಿಂದ ಬರುವ ಹಬೆಗೆ ಸದಾ ಬೆವರುವ ಒಂದು ಗೋಡೆ. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡದೆ. ಇಸ್ತ್ರಿಯವಳು ಅಳಲಿಲ್ಲ, ಬೈಯಲಿಲ್ಲ.

‘ಎಷ್ಟು ಜನ ಕೇಳಿಸ್ಕೊಂಡ್ರು?’

‘ಒಳಗಡೆ ಇಪ್ಪತ್ತೊಂಬತ್ತು. ಫೋನಲ್ಲಿ ಇಪ್ಪತ್ತಮೂರು.’

‘ಎಂಥ ಜನ?’

‘ಎಲ್ಲಾ ಒಳ್ಳೆಯವರು ಕಣೇ. ಒಬ್ಬೊಬ್ಬರನ್ನೂ ನಾನು ಬಲ್ಲೆ.’

‘ಒಳ್ಳೆಯವರು ಅಂದ್ರೇ ಭಯ ಅಕ್ಕ. ಅವನ ಕಡೆಯವರೂ ಎಲ್ಲ ಒಳ್ಳೆಯವರೇ.’

ಆಗಲೇ ಅವಳು ಮಂಚದ ಕೆಳಗಿನಿಂದ ಚೀಲ ಎಳೆದಿದ್ದಳು. ಅವತ್ತೇ ಹೊರಟುಬಿಡುತ್ತಿದ್ದಳು. ತಡೆದದ್ದು ಅಕ್ಕ. ದೊಡ್ಡವಳು ಈಗಷ್ಟೇ ಶಾಲೆಗೆ ಹೊಂದಿಕೊಂಡಿದ್ದಾಳೆ, ಸಣ್ಣವಳ ಕಾಲಿನ ಪಟ್ಟಿ ಅಳತೆ ನೋಡುವುದಕ್ಕೆ ಶುಕ್ರವಾರ ಡಾಕ್ಟರು ಕರೆದಿದ್ದಾರೆ, ಕೈಯಲ್ಲಿ ಕೆಲಸವಿದೆ, ಎಲ್ಲಿಗೆ ಹೋಗುತ್ತೀ ಎಂದು ಚೀಲದ ಇನ್ನೊಂದು ಕಿವಿ ಹಿಡಿದು ನಿಂತಳು. ‘ಇಪ್ಪತ್ತಮೂರು ಮನೆಗೂ ಇವತ್ತೇ ಫೋನ್ ಮಾಡ್ತೀನಿ. ಒಂದು ನರಪಿಳ್ಳೆಯೂ ಬಾಯಿಬಿಡಲ್ಲ. ನನ್ನ ಮಾತು ನಂಬು.’ ಇಸ್ತ್ರಿಯವಳು ನಂಬಿದಳು. ನಂಬದೆ ಇನ್ನೇನು ಮಾಡಿಯಾಳು, ಹೋಗುವುದಕ್ಕೆ ಜಾಗವಿರಲಿಲ್ಲ.

ಅಕ್ಕ ಫೋನ್ ಮಾಡಿದಳು, ಸಂಜೆಯವರೆಗೂ. ಆ ಪಟ್ಟಿ ಕಟ್ಟಿದ ಮಗುವಿನ ತಾಯಿಯ ವಿಷಯ ಯಾರಿಗೂ ಹೇಳಬೇಡಿ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದಳು. ಎಲ್ಲರೂ ಒಪ್ಪಿದರು. ಪಕ್ಕದ ಊರಿನ ಅಜ್ಜಿಯಂತೂ, ‘ನನಗೆ ಯಾರಿದಾರೆ ಮಗಳೇ ಹೇಳೋಕೆ’ ಅಂದರು. ಅಕ್ಕ ಸಮಾಧಾನದಿಂದ ಮಲಗಿದಳು.

ಬುಧವಾರ ಹನ್ನೆರಡೂವರೆಗೆ ಒಬ್ಬ ಹೊಸಬ ಊಟಕ್ಕೆ ಬಂದ. ಬಾಗಿಲಲ್ಲಿ ಚಪ್ಪಲಿಯ ಮಣ್ಣು ಒರೆಸಿ, ಟೋಪಿ ತೆಗೆದು ಒಳಗೆ ಬಂದ. ಬಡಗಿಯ ಕೈ, ಉಗುರಿನ ಸಂದಿಯಲ್ಲಿ ಅಂಟು. ಯಾರೂ ಹೆಸರು ಕೇಳಲಿಲ್ಲ. ನಮ್ಮ ನಿಯಮವೇ ಅದು. ಕುಂಟುತ್ತಿದ್ದ ಒಂದು ಮೇಜಿನ ಕಾಲಿಗೆ ಅವನೇ ಬ್ರೆಡ್ಡಿನ ಡಬ್ಬದ ರಟ್ಟು ಮಡಚಿ ಇಟ್ಟು ಸರಿಮಾಡಿದ. ಬಾಯಿ ತೆರೆದರೆ ಬೆಣ್ಣೆ. ಅಕ್ಕ ಅವನಿಗೆ ಎರಡನೆಯ ಸಲ ಸೂಪು ಬಡಿಸಿದಳು.

‘ನಿಮ್ಮ ಸಭೆಯ ಬಗ್ಗೆ ಪಕ್ಕದ ಊರಿನ ನಮ್ಮ ಚಿಕ್ಕಮ್ಮ ತುಂಬ ಹೇಳ್ತಾರೆ ಅಮ್ಮ,’ ಅಂದ. ‘ಹಾಸಿಗೆ ಬಿಟ್ಟು ಏಳೋಕಾಗಲ್ಲ ಅವರಿಗೆ. ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾರೆ.’ ಆಮೇಲೆ ಜೇಬಿನಿಂದ ಒಂದು ಸಣ್ಣ ಚರ್ಮದ ಬೆಲ್ಟು ತೆಗೆದು ಮೇಜಿನ ಮೇಲೆ ಇಟ್ಟ. ಹೊಸದು, ಒಂದು ಗೇಣುದ್ದ. ‘ಮಗಳ ಕಾಲಿನ ಪಟ್ಟಿಗೆ. ಹಳೇದು ಸವೆದಿರುತ್ತೆ ಈಗ. ನಾನೇ ಹೊಲಿದೆ.’

ಅಕ್ಕನ ಕೈಯ ಸೌಟು ಪಾತ್ರೆಗೆ ವಾಪಸ್ಸು ಹೋಗಲಿಲ್ಲ, ಹಾಗೇ ನಿಂತಿತು. ಅವಳು ನನ್ನನ್ನು ನೋಡಿದಳು. ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷ. ಒಂದು ಗಂಟೆಗೆ ಇಸ್ತ್ರಿಯವಳು ಮಕ್ಕಳ ಕೈ ಹಿಡಿದು ಊಟಕ್ಕೆ ಬರುವ ಹೊತ್ತು.

ನಾನು ಅಡುಗೆಮನೆಯ ಬಾಗಿಲಿಂದ ಹೊರಬಿದ್ದೆ. ರಸ್ತೆಯ ಆ ಬದಿಯಲ್ಲೇ ಸಿಕ್ಕರು, ಮೂವರೂ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಕೋಣೆಗೆ ಹೋಗಿ ಚೀಲ ತರಲೂ ಇಲ್ಲ. ಸಣ್ಣವಳನ್ನು ನಾನು ಎತ್ತಿಕೊಂಡೆ, ಹಿಂದಿನ ಓಣಿಯಿಂದ ಬಸ್ ನಿಲ್ದಾಣಕ್ಕೆ ಹೋದೆವು. ಕಬ್ಬಿಣದ ಪಟ್ಟಿ ನಡೆದಷ್ಟು ದೂರವೂ ನನ್ನ ಪಕ್ಕೆಗೆ ಒತ್ತುತ್ತಿತ್ತು. ದೊಡ್ಡವಳು ಏನೂ ಕೇಳಲಿಲ್ಲ. ಅದು ಅವಳಿಗೆ ರೂಢಿಯಾಗಿತ್ತು ಎಂದು ಕಾಣುತ್ತದೆ. ಮೊದಲು ಹೊರಡುವ ಬಸ್ಸನ್ನು ಅವರು ಹತ್ತಿದರು.

‘ಎಲ್ಲಿಗಮ್ಮ ಹೋಗ್ತೀಯಾ? ನಮಗಾದರೂ ಗೊತ್ತಿರಲಿ’ ಅಂದೆ.

ಅವಳು ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು. ‘ಬೇಡ ಅಣ್ಣ. ಗೊತ್ತಾದರೆ ಪ್ರಾರ್ಥನೆ ಮಾಡ್ತೀರಿ.’

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಆಮೇಲೆ ಅಕ್ಕ ಪಕ್ಕದ ಊರಿನ ಅಜ್ಜಿಗೆ ಫೋನ್ ಮಾಡಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಅಜ್ಜಿಗೆ ಅರ್ಥವೇ ಆಗಲಿಲ್ಲ. ‘ಯಾರಿಗೂ ಹೇಳಬೇಡಿ ಅಂದ್ರೆ ಹೊರಗಿನವರಿಗೆ ಅಂತ ತಿಳಿದೆ. ಅವನು ಗಂಡನಲ್ವಾ ಮಗಳೇ. ನನ್ನ ಹಾಸಿಗೆ ಪಕ್ಕ ಕೂತು ಎಷ್ಟು ಅತ್ತಿದಾನೆ ಗೊತ್ತಾ. ಭಾನುವಾರ ಓದಿದಾಗ ನನಗೆ ಅನುಮಾನ ಇತ್ತು, ನಿದ್ದೆಗಣ್ಣು. ನೀನು ಫೋನ್ ಮಾಡಿ ಪಟ್ಟಿ ಕಟ್ಟಿದ ಮಗು ಅಂದೆಯಲ್ಲ, ಆಗಲೇ ಖಾತ್ರಿಯಾಯ್ತು.’

ಅಕ್ಕ ರಿಸೀವರ್ ಇಟ್ಟು ಅಲ್ಲೇ ನೆಲದ ಮೇಲೆ ಕೂತಳು. ಮಂಡಿ ನೋವಿನವಳು, ಎತ್ತಿ ಕೂರಿಸುವುದಕ್ಕೆ ನನಗೆ ಸಾಕಾಯಿತು.

ಬಡಗಿ ವಾಪಸ್ಸು ಹೋಗಲಿಲ್ಲ. ಹೆಂಡತಿ ಮಕ್ಕಳು ಬಂದೇ ಬರುತ್ತಾರೆ ಎಂದು ಲಾಂಡ್ರಿಯ ಮೇಲಿನ ಆ ಕೋಣೆಯನ್ನೇ ಹಿಡಿದ. ಅಕ್ಕ ಪೊಲೀಸ್ ಠಾಣೆಗೆ ಹೋದಳು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಎಲ್ಲ ಕೇಳಿಸಿಕೊಂಡ. ‘ದೂರು ಕೊಡಬೇಕಾದ ಆ ಹೆಣ್ಣುಮಗಳು ಎಲ್ಲಿದ್ದಾರೆ ಅಮ್ಮ?’ ಅಂದ. ‘ಕೋಣೆ ಬಾಡಿಗೆಗೆ ಹಿಡಿಯೋದು, ನಿಮ್ಮಲ್ಲಿ ಬಂದು ಊಟ ಮಾಡೋದು ತಪ್ಪು ಅಂತ ನಾನು ಬರೆಯೋದು ಹೇಗೆ?’

ಭಾನುವಾರ ಬಡಗಿ ಆರಾಧನೆಗೆ ಬಂದ. ಮುಂದಿನ ಭಾನುವಾರವೂ. ಬುಧವಾರಗಳಲ್ಲಿ ಬೇಗನೆ ಬಂದು ಕುರ್ಚಿ ಜೋಡಿಸಿದ. ಸಡಿಲವಾಗಿದ್ದ ಬೆಂಚುಗಳನ್ನೆಲ್ಲ ಬಿಚ್ಚಿ ಅಂಟು ಹಾಕಿ ಬಿಗಿದ, ಅಕ್ಕ ಕೂರುವ ಬೆಂಚನ್ನೂ. ಅಂಗಿಯ ತೋಳನ್ನು ಎರಡು ಸಲ ನೀಟಾಗಿ ಮಡಚಿಕೊಂಡು ಅವನು ಕೆಲಸಕ್ಕೆ ಕೂತಾಗ ನಾನು ಹೊರಗೆದ್ದು ಹೋದೆ. ಸಭೆಯ ಹೆಂಗಸರು ಅವನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹೆಚ್ಚಾಗಿ ಇಡತೊಡಗಿದರು. ಅಕ್ಕ ಹಿರಿಯರ ಮುಂದೆ ಎಲ್ಲ ಹೇಳಿದಳು. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಆ ಭಾನುವಾರದಿಂದ ಅವರು ಪೀಠ ಹತ್ತಿಲ್ಲ. ಉಳಿದವರು ಅಕ್ಕನನ್ನು ಮೆಲ್ಲಗೆ ಕೇಳಿದರು: ‘ನೀನು ಕಣ್ಣಾರೆ ಕಂಡೆಯಾ?’ ಕಂಡಿರಲಿಲ್ಲ. ನೆರೆಯವನ ಮೇಲೆ ಚಾಡಿ ಹೇಳಬಾರದು, ಅವನ ನಡತೆಗೆ ಒಳ್ಳೆಯ ಅರ್ಥವನ್ನೇ ಹಚ್ಚಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಸಭೆಯ ದೃಢೀಕರಣದ ತರಗತಿಯಲ್ಲಿ ದಶಾಜ್ಞೆಗಳ ಎಂಟನೆಯ ಆಜ್ಞೆಯ ಜತೆ ಬಾಯಿಪಾಠ ಮಾಡಿಸಿದ್ದರು. ಚೆನ್ನಾಗಿಯೇ ಕಲಿತಿದ್ದೆವು.

ಮೂರನೆಯ ವಾರ ಬಡಗಿ ಒಂದು ಬಿಳಿ ಚೀಟಿ ಬರೆದು ಅಕ್ಕನ ಕೈಗೇ ಕೊಟ್ಟ. ‘ನನ್ನ ಹೆಂಡತಿ ಮತ್ತು ಮಕ್ಕಳು ಬೇಗ ನನ್ನ ಬಳಿಗೆ ಮರಳಿ ಬರುವಂತೆ.’ ಅಕ್ಷರ ಮುತ್ತಿನ ಹಾಗಿತ್ತು.

ಅಕ್ಕ ಅದನ್ನು ಹಿಡಿದು, ಆಗಷ್ಟೇ ಚೇತರಿಸಿಕೊಂಡಿದ್ದ ಪಾದ್ರಿಗಳ ಬಳಿಗೆ ಹೋದಳು. ‘ಇದನ್ನ ಒಲೆಗೆ ಹಾಕಲಾ?’

ಪಾದ್ರಿಗಳು ಚೀಟಿಯನ್ನು ಇಸಿದುಕೊಂಡು ಎರಡು ಸಲ ಓದಿದರು. ‘ಹಾಕಿದರೆ ಯಾಕೆ ಓದಲಿಲ್ಲ ಅಂತ ಕೇಳ್ತಾನೆ,’ ಅಂದರು. ‘ಅವಳ ಪರ ನಾವಿದ್ದೀವಿ, ಅವಳ ಸುದ್ದಿ ನಮಗೆ ಬರ್ತಿದೆ ಅಂದ್ಕೋತಾನೆ. ಆಮೇಲೆ ನಮ್ಮ ಹಿಂದೆ ಮುಂದೆ ಸುತ್ತೋಕೆ ಶುರು ಮಾಡ್ತಾನೆ. ಅಕ್ಕ, ಓದಬೇಕು. ಬಾಗಿಲು ಎಲ್ಲರಿಗೂ ಅಂತ ಬರೆದಿಟ್ಟವರು ನಾವೇ.’

ಓದಿದರು, ವಾರವಾರವೂ. ಸಭೆ ‘ಕರ್ತನೇ, ನಮ್ಮ ಮೊರೆಯನ್ನು ಲಾಲಿಸು’ ಅಂದಿತು, ನಾಲ್ಕೈದು ಹೆಂಗಸರು ಕಣ್ಣೊರೆಸಿಕೊಂಡರು. ಅಕ್ಕ ಮಾತ್ರ ಆ ಒಂದು ಚೀಟಿಗೆ ತುಟಿ ಬಿಗಿದು ನಿಲ್ಲುತ್ತಿದ್ದಳು. ಅವಳ ಕೈಲಾದದ್ದು ಅಷ್ಟೇ.

ಆ ಹೊತ್ತಿಗೇ ಪೆಟ್ಟಿಗೆಯಲ್ಲಿ ಒಂದು ಭಾನುವಾರ ಇಪ್ಪತ್ತನಾಲ್ಕು ಕಂಡಿತು.

ಮೊದಲು ಯಾರದೋ ತಪ್ಪು ನಂಬರು ಅಂದುಕೊಂಡೆ. ಮುಂದಿನ ಭಾನುವಾರವೂ ಇಪ್ಪತ್ತನಾಲ್ಕು. ಹೊಸಬರು ಯಾರಾದರೂ ಸೇರಿದ್ದಾರಾ ಎಂದು ಅಕ್ಕನನ್ನು ಬೇರೆ ನೆಪದಲ್ಲಿ ಕೇಳಿದೆ, ಇಲ್ಲ ಅಂದಳು. ಬುಧವಾರ ಊಟಕ್ಕೆ ಬರುವವರಿಗೆಲ್ಲ ಅಕ್ಕ ಫೋನ್ ನಂಬರಿನ ಕಾರ್ಡು ಕೊಡುತ್ತಿದ್ದಳು, ಇಸ್ತ್ರಿಯವಳಿಗೂ ಕೊಟ್ಟಿದ್ದಳು, ಅದು ನನಗೆ ನೆನಪಾಯಿತು. ಆ ದಿನ ಆರಾಧನೆ ಮುಗಿದ ಮೇಲೆ ದೊಡ್ಡ ಹುಡುಗಿಯ ಕುಣಿಯುವ ಹಾಡನ್ನು ನುಡಿಸಿದೆ. ಆಶೀರ್ವಾದವಾದ ಕೂಡಲೇ ಮನೆಗಳಲ್ಲಿ ಕೇಳುವವರು ಒಬ್ಬೊಬ್ಬರೇ ಫೋನ್ ಇಡುತ್ತಾರೆ. ಇಪ್ಪತ್ತು, ಹದಿಮೂರು, ಆರು, ಎರಡು. ಒಂದು. ಆ ಒಂದು ಹಾಗೇ ನಿಂತಿತು. ನಾನು ರಾಗವನ್ನು ಎರಡು ಸಲ ನುಡಿಸಿದೆ, ಕ್ಷಮಿಸು ಎಂದು ಬಾಯಲ್ಲಿ ಹೇಳಲಾಗದ್ದನ್ನು ಬೆರಳಲ್ಲಿ ಹೇಳುವ ಹಾಗೆ. ಕೊನೆಯ ಸ್ವರ ಎತ್ತಿದ ಮೇಲೆಯೇ ಅದು ಸೊನ್ನೆಯಾಯಿತು.

ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಬಾಯಿ ಬಿಡುವವಳಲ್ಲ, ಆದರೆ ಅವಳ ಮುಖವೇ ಒಂದು ಚೀಟಿ; ಯಾರು ಬೇಕಾದರೂ ಓದಬಹುದು. ಬಡಗಿ ಅವಳ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಅವನ ಚೀಟಿ ಆ ಇಪ್ಪತ್ತನಾಲ್ಕನೆಯ ಕಿವಿಗೆ ಬೀಳದಿರಲಿ, ಅದನ್ನು ಓದುವಾಗ ಗುಂಡಿ ಒತ್ತಿ ಫೋನು ಮುಚ್ಚಿಬಿಡೋಣ ಎಂದು ಒಂದು ಸಲ ಮಾಡಿಯೂ ಮಾಡಿದೆ. ಸೋಮವಾರ ಬೆಳಗ್ಗೆಯೇ ಪಕ್ಕದ ಊರಿನ ಅಜ್ಜಿಯ ಫೋನು: ‘ನಮ್ಮ ಹುಡುಗನ ಪ್ರಾರ್ಥನೆ ಬರೋ ಹೊತ್ತಿಗೇ ನಿಂತುಹೋಯ್ತಲ್ಲಪ್ಪ, ಯಾಕೆ?’ ಮತ್ತೆ ಆ ಗುಂಡಿ ಮುಟ್ಟಲಿಲ್ಲ. ಬೇಕಾದ ದಿನ ಒತ್ತದ ಗುಂಡಿ, ಆಮೇಲೆ ಒತ್ತಿದರೂ ಬಿಟ್ಟರೂ ಒಂದೇ.

ಐದು ಭಾನುವಾರ ಹೀಗೆ ಕಳೆಯಿತು. ಆರನೆಯ ವಾರದ ಬುಧವಾರ ಬಡಗಿ ತಟ್ಟೆಗಳನ್ನು ಜೋಡಿಸುತ್ತ ಅಕ್ಕನ ಪಕ್ಕಕ್ಕೆ ಬಂದ.

‘ಅಮ್ಮ, ಒಂದು ಮಾತು. ಎಲ್ಲ ಚೀಟಿಗೂ ನಿಮ್ಮ ದನಿ ಎಲ್ಲರಿಗಿಂತ ಮುಂದೆ ಇರುತ್ತೆ. ನನ್ನ ಚೀಟಿಗೆ ಮಾತ್ರ ಇರಲ್ಲ.’ ನಗುತ್ತಲೇ ಹೇಳಿದ. ‘ನಿಮಗೆ ಏನೋ ಗೊತ್ತಿದೆ ಅಂತ ನನಗೆ ಅನ್ನಿಸುತ್ತೆ.’

‘ನನಗೇನು ಗೊತ್ತಿರುತ್ತಪ್ಪ,’ ಅಂದಳು ಅಕ್ಕ. ನಿಜವನ್ನೇ ಹೇಳಿದಳು. ಆದರೆ ಮನೆಗೆ ಬಂದವಳು ಕೈಚೀಲವನ್ನೂ ಇಳಿಸದೆ ನನ್ನ ಗಡಿಯಾರದ ಮೇಜಿನ ಮುಂದೆ ನಿಂತಳು.

‘ಸುಮ್ಮನಿದ್ದರೂ ಅವನಿಗೆ ಸುಳಿವು ಕೊಟ್ಟ ಹಾಗೇ ಆಗುತ್ತೆ ಕಣೋ,’ ಅಂದಳು. ‘ಒಬ್ಬರ ಪ್ರಾರ್ಥನೆ ಕೇಳಬೇಡ ಅಂತ ದೇವರನ್ನ ಕೇಳ್ಕೋಬಹುದಾ?’

‘ಪಾದ್ರಿಗಳನ್ನ ಕೇಳು.’

‘ಕೇಳಿದೆ. ದಿನಾ ರಾತ್ರಿ ನಾನೂ ಅದನ್ನೇ ಕೇಳ್ಕೋತೀನಿ ಅಂದರು.’

ಅವಳಿಗೆ ಇಪ್ಪತ್ತನಾಲ್ಕರ ವಿಷಯ ಆಗಲಾದರೂ ಹೇಳಬೇಕಿತ್ತೇನೋ. ಹೇಳಿದರೆ ಅವಳ ಬಾಯಿ ಖಂಡಿತ ಏಳುತ್ತಿರಲಿಲ್ಲ, ಬಡಗಿಯ ಅನುಮಾನ ಗಟ್ಟಿಯಾಗುತ್ತಿತ್ತು. ಹೇಳದಿದ್ದರೆ ಅವಳು ಅವನ ಚೀಟಿಗೂ ದನಿಗೂಡಿಸಿಬಿಡುತ್ತಾಳೆ, ಆ ದನಿ ಇಪ್ಪತ್ತನಾಲ್ಕನೆಯ ಫೋನಿಗೂ ಕೇಳುತ್ತದೆ. ಉಗುಳುವುದಕ್ಕೂ ಆಗದ, ನುಂಗುವುದಕ್ಕೂ ಆಗದ ಬಿಸಿತುಪ್ಪ. ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಕಳೆದ ಭಾನುವಾರ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಇತ್ತು. ಪಾದ್ರಿಗಳು ಚೀಟಿಗಳನ್ನು ಓದಿದರು. ಮಂಡಿ ನೋವು, ಹೆರಿಗೆ, ಕಣ್ಣಿನ ಪೊರೆ. ಕೊನೆಗೆ ಬಡಗಿಯದು. ಎಲ್ಲರೂ ಕಣ್ಣು ಮುಚ್ಚಿದ್ದರು. ಅಕ್ಕ ಎರಡೂ ಕೈಯಿಂದ ಬೆಂಚಿನ ಮುಂದಿನ ಅಡ್ಡಗಂಬಿಯನ್ನು ಹಿಡಿದುಕೊಂಡಳು.

‘ಕರ್ತನೇ, ನಮ್ಮ ಮೊರೆಯನ್ನು ಲಾಲಿಸು.’

ಅರ್ಧ ಮಾತು ಮುಂಚೆ, ಎಲ್ಲರಿಗಿಂತ ಜೋರಾಗಿ. ಕಾರ್ಖಾನೆಯ ಗಂಟಲು. ಅವಳ ಹಿಂದೆ ಬಡಗಿಯ ತಲೆ ಸಮಾಧಾನದಿಂದ ಬಾಗಿತು.

ನಾನು ಪೆಟ್ಟಿಗೆ ನೋಡಿದೆ. ಇಪ್ಪತ್ತಮೂರು.

ಆರಾಧನೆ ಮುಗಿದ ಮೇಲೆ ಕುಣಿಯುವ ಹಾಡನ್ನು ನುಡಿಸಿದೆ, ಮೂರು ಸಲ. ಎರಡನೆಯ ಸಲ ಅರ್ಧಕ್ಕೆ ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಸೊನ್ನೆ ಇತ್ತು.

ಮನೆಗೆ ಬರುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ನಡೆಯುತ್ತಿದ್ದಳು. ಸೇತುವೆ ದಾಟಿದ ಮೇಲೆ ಕೇಳಿದಳು, ‘ಸಾಕಷ್ಟು ಜೋರಾಗಿ ಹೇಳಿದೆನಾ? ಅವನಿಗೆ ಕೇಳಿಸಿರಬೇಕು ಅಲ್ವಾ?’

‘ಎಲ್ಲರಿಗೂ ಕೇಳಿಸಿತು ಅಕ್ಕ,’ ಅಂದೆ.